1943ರ ಗುಡ್ಡದ ಮೇಲೆ ಫ್ಯಾನು ಇರಲಿಲ್ಲ

ಬೇಕಾಗಿದ್ದು 14 ಸೆಕೆಂಡಿನ ಒಂದು ಶಾಟ್. ಹಾವೇರಿ ಕಡೆಯ ಹವ್ಯಾಸಿ ತಂಡವೊಂದು ಸ್ವಾತಂತ್ರ್ಯ ಹೋರಾಟಗಾರ ಮೈಲಾರ ಮಹಾದೇವಪ್ಪನವರ ಮೇಲೆ ನಾಟಕ ಕಟ್ಟುತ್ತಿದೆ. ರಂಗದ ಹಿಂದೆ ಬಿಳಿ ಪಡದೆ, ಅದರ ಮೇಲೆ ಪ್ರೊಜೆಕ್ಟರಿನಿಂದ ಈ ಶಾಟ್ ಬೀಳಬೇಕು. ಎರೆಹೊಲದ ಬದುವಿನ ಮೇಲೆ ಬುತ್ತಿಗಂಟು ಹಿಡಿದು ಯಾರದೋ ದಾರಿ ಕಾಯುವ ಹೆಂಗಸು, ಸೊಂಟದಿಂದ ಮೇಲೆ. ಹಿಂದೆ ಗುಡ್ಡದ ಸಾಲು. ಕ್ಯಾಮೆರಾ ಎಡದಿಂದ ಬಲಕ್ಕೆ ನಿಧಾನಕ್ಕೆ ಹೊರಳುತ್ತದೆ. ಕಾಲ, 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಮಹಾದೇವಪ್ಪನವರು ಗುಂಡಿಗೆ ಬಲಿಯಾದದ್ದರ ಹಿಂದಿನ ಸಂಜೆ. ಹೊಸರಿತ್ತಿ ವರದಾ ದಂಡೆಯ ಊರು, ಇಷ್ಟು ದೊಡ್ಡ ಗುಡ್ಡ ಅಲ್ಲಿಗೆ ಒಗ್ಗುವುದಿಲ್ಲ ಅಂತ ಹೇಳಿ ನೋಡಿದೆ. ನಿರ್ದೇಶಕರಿಗೆ ಗುಡ್ಡ ಬೇಕೇ ಬೇಕು. ನಾಟಕ ಅವರದು.

ಗುಡ್ಡ ಸಿಕ್ಕಿದ್ದು ಗದಗ ಜಿಲ್ಲೆಯಲ್ಲಿ, ಡಂಬಳದಿಂದ ಡೋಣಿಗೆ ಹೋಗುವ ದಾರಿಯ ಪಕ್ಕ. ಕಪ್ಪತಗುಡ್ಡ ನೋಡಿದವರಿಗೆ ಮುಂದಿನ ಕತೆ ಗೊತ್ತೇ ಇರುತ್ತದೆ: ನೆತ್ತಿಯ ಮೇಲೆ ಸಾಲಾಗಿ ಕರೆಂಟು ತಯಾರಿಸುವ ಗಾಳಿ ಫ್ಯಾನು. ನಮ್ಮ ಚೌಕಟ್ಟಿನೊಳಗೆ ಏಳು ಫ್ಯಾನು, ಜೊತೆಗೆ ಒಂದು ಮೊಬೈಲ್ ಟವರ್. ಪಾತ್ರ ಮಾಡುವ ಅಕ್ಕಾವ್ರಿಗೆ ಆವತ್ತು ಬರಲಾಗಲಿಲ್ಲ. ಅವರನ್ನು ಆಮೇಲೆ ಹುಬ್ಬಳ್ಳಿಯಲ್ಲಿ, ಕೇಶ್ವಾಪುರದ ನಮ್ಮ ಸ್ಟುಡಿಯೋ ಮಾಳಿಗೆಯ ಮೇಲೆ ಹಸಿರು ಬಟ್ಟೆ ಕಟ್ಟಿ ತೆಗೆದೆವು. ಕರಿ ಬಟ್ಟೆಯ ಮುಂದೆ ಹಿಡಿ ಹಿಡಿ ಮಣ್ಣು ತೂರಿ ಧೂಳನ್ನು ಬೇರೆ ತೆಗೆದೆವು. ಹೀಗೆ ಮೂರು ತುಣುಕು: ಗುಡ್ಡ, ಹೆಂಗಸು, ಧೂಳು.

ನನ್ನ ದಿನದ ಕೆಲಸ ಮದುವೆ ವಿಡಿಯೋ. ಅಲ್ಲಿ ಪದರದ ಮೇಲೆ ಪದರ ಇಟ್ಟರೆ ಸಾಕು, ಕಂಪನಿ ನಾಟಕದ ಸೀನುಗಳ ಹಾಗೆ: ಹಿಂದೆ ಕಾಡಿನ ಪಡದೆ, ಅದರ ಮುಂದೆ ಗುಡಿಸಲಿನ ಕಟೌಟು, ಅಂಚಿಗೆ ವಿಂಗು. ಮುಂದಿದ್ದದ್ದು ಹಿಂದಿನದನ್ನು ಮುಚ್ಚುತ್ತದೆ, ಅಷ್ಟೇ ನಿಯಮ. ಈ ಶಾಟ್‌ಗೆ ಅದು ಸಾಲುವುದಿಲ್ಲ ಅನ್ನುವುದು ಕಾಗದದ ಮೇಲೆ ಗೀಚಿದಾಗಲೇ ಗೊತ್ತಾಯಿತು. ಗುಡ್ಡದ ಚಿತ್ರ ಒಂದೇ ಆದರೂ ಅದು ಬೇಕಾಗುವ ಜಾಗ ನಾಲ್ಕು: ಹಿನ್ನೆಲೆಯಾಗಿ, ಫ್ಯಾನು ಮುಚ್ಚುವ ತೇಪೆಯ ಮೂಲವಾಗಿ, ಕ್ಯಾಮೆರಾ ಚಲನೆ ಅಳೆಯಲು, ಹೆಂಗಸಿನ ಅಂಚಿಗೆ ಬಣ್ಣ ಕೊಡಲು. ಪದರದ ತಂತ್ರಾಂಶದಲ್ಲಿ ಇದಕ್ಕೆ ಪ್ರತಿ ಮಾಡಿ, ಪ್ರತಿಗಳನ್ನು ಗಂಟು ಕಟ್ಟಿ, ಗಂಟಿನೊಳಗೆ ಗಂಟು ಇಡಬೇಕು. ವಾರದ ನಂತರ ತೆರೆದರೆ ಯಾವುದರೊಳಗೆ ಏನಿದೆ ಅಂತ ಕಟ್ಟಿದವನಿಗೇ ತಿಳಿಯುವುದಿಲ್ಲ.

ಅದಕ್ಕೇ ಪದರ ಬಿಟ್ಟು ನೋಡ್ ವ್ಯವಸ್ಥೆಗೆ ಹೋದೆ. ಅಲ್ಲಿ ಪ್ರತಿ ಕೆಲಸಕ್ಕೂ ಒಂದು ಡಬ್ಬಿ, ಅದೇ ನೋಡ್. ಒಂದು ಕಡೆಯಿಂದ ಚಿತ್ರ ಒಳಗೆ ಬರುತ್ತದೆ, ಒಂದೇ ಒಂದು ಬದಲಾವಣೆಯಾಗಿ ಇನ್ನೊಂದು ಕಡೆಯಿಂದ ಹೊರಗೆ ಹೋಗುತ್ತದೆ. ತಂತಿಯಲ್ಲಿ ಹರಿಯುವುದು ಪ್ರತಿ ಪಿಕ್ಸೆಲ್ಲಿಗೂ ನಾಲ್ಕು ಸಂಖ್ಯೆ: ಕೆಂಪು, ಹಸಿರು, ನೀಲಿ ಮತ್ತು ಆಲ್ಫಾ. ಆಲ್ಫಾ ಅಂದರೆ ಆ ಪಿಕ್ಸೆಲ್ ಎಷ್ಟು ಗಟ್ಟಿ ಅನ್ನುವ ಅಳತೆ: 1 ಪೂರ್ತಿ ಗಟ್ಟಿ, 0 ಖಾಲಿ. ಒಂದೇ ಡಬ್ಬಿಯಿಂದ ಎಷ್ಟು ತಂತಿ ಬೇಕಾದರೂ ಎಳೆಯಬಹುದು, ಮೂಲ ಕೆಡುವುದಿಲ್ಲ. ನಾನು ಬಳಸಿದ್ದು ಫ್ಯೂಷನ್ ಅನ್ನುವ ತಂತ್ರಾಂಶ. ಐಯಾನ್ ಕಂಪನಿಯದಾಗಿದ್ದ ಇದನ್ನು 2014ರಲ್ಲಿ ಬ್ಲ್ಯಾಕ್‌ಮ್ಯಾಜಿಕ್ ಕೊಂಡಿತು, 2018ರಲ್ಲಿ ತನ್ನ ಎಡಿಟಿಂಗ್ ತಂತ್ರಾಂಶ ಡಾವಿಂಚಿ ರಿಸಾಲ್ವ್ 15ರೊಳಗೇ ಸೇರಿಸಿತು. ಹಾಗಾಗಿ ಉಚಿತ ಆವೃತ್ತಿ ಹಾಕಿಕೊಂಡಿರುವ ಸಣ್ಣ ಸ್ಟುಡಿಯೋಗಳಲ್ಲೂ ಅದು ಕೂತಿರುತ್ತದೆ, ತೆರೆದು ನೋಡಿದವರು ಕಡಿಮೆ. ದೊಡ್ಡ ಸಿನಿಮಾ ಸ್ಟುಡಿಯೋಗಳಲ್ಲಿ ನ್ಯೂಕ್ ಅನ್ನುವ ಇಂಥದ್ದೇ ತಂತ್ರಾಂಶ ನಡೆಯುತ್ತದೆ. ಗುಂಡಿಗಳ ಹೆಸರು ಬೇರೆಯಾದರೂ ಲೆಕ್ಕ ಎಲ್ಲ ಕಡೆ ಒಂದೇ.

ಬೆಳಕಿನ ಲೆಕ್ಕ ಮೊದಲು

ಕ್ಯಾಮೆರಾ ಬರೆದಿಡುವ ಸಂಖ್ಯೆಗಳು ಬೆಳಕಿನ ನೇರ ಅಳತೆಯಲ್ಲ, ಕಣ್ಣಿಗೆ ಹೊಂದುವಂತೆ ಬಾಗಿಸಿದ ಸಂಖ್ಯೆಗಳು. 0 ಅಂದರೆ ಕಪ್ಪು, 1 ಅಂದರೆ ಬಿಳಿ ಅಂತಿಟ್ಟುಕೊಳ್ಳಿ. ಪರದೆಗಳು ಸಾಮಾನ್ಯವಾಗಿ ಬಳಸುವ ಎಸ್‌ಆರ್‌ಜಿಬಿ ಲೆಕ್ಕದಲ್ಲಿ ಪರದೆಯ ಮೇಲಿನ 0.5 ಅಂದರೆ ನಿಜವಾದ ಬೆಳಕಿನಲ್ಲಿ ಸುಮಾರು 0.21 ಮಾತ್ರ. ಬಿಳಿ ಮತ್ತು ಕಪ್ಪನ್ನು ಅರ್ಧರ್ಧ ಬೆರೆಸಿದರೆ ಮಸೂರದೊಳಗೆ ಬೆಳಕು ಅರ್ಧವಾಗುತ್ತದೆ, ಅದು ಪರದೆಯ ಮೇಲೆ 0.735ರಷ್ಟು ಹೊಳೆಯಬೇಕು. ಬಾಗಿದ ಸಂಖ್ಯೆಗಳ ಮೇಲೇ ಬೆರಕೆ ಮಾಡಿದರೆ 0.5 ಬರುತ್ತದೆ, ಅಂದರೆ ಮಂಕು. ಸೆರಗಿನ ಅಂಚು, ಹಾರುವ ಕೂದಲು, ಫೋಕಸ್ ತಪ್ಪಿದ ಗುಡ್ಡದ ಗೆರೆ, ಎಲ್ಲೆಲ್ಲಿ ಎರಡು ಬಣ್ಣ ಸೇರುತ್ತವೋ ಅಲ್ಲೆಲ್ಲ ಈ ಮಂಕು ಕೂರುತ್ತದೆ. ಆದ್ದರಿಂದ ಪ್ರತಿ ತುಣುಕಿನ ಹಿಂದೆಯೇ ಒಂದು ಗ್ಯಾಮಟ್ ನೋಡ್ ಹಾಕಿ ಬಾಗು ತೆಗೆದೆ. ತಂತಿಯಿಂದ ಜೋಡಿಸಿದ ಈ ಡಬ್ಬಿಗಳ ಮರದ ಕಟ್ಟಕಡೆಗೆ ಇನ್ನೊಂದು ಗ್ಯಾಮಟ್, ಬಾಗು ಮರಳಿಸಲು. ನಡುವೆ ನಡೆಯುವುದೆಲ್ಲ ನೇರ ಬೆಳಕಿನಲ್ಲಿ.

ಒಂದು ಕಡೆ ಬಿಟ್ಟು. ಹಸಿರು ಬಟ್ಟೆಯನ್ನು ಗುರುತಿಸಿ ತೆಗೆಯುವ ಕೀಯರ್ ಅನ್ನುವ ನೋಡ್‌ಗೆ ತಂತಿಯನ್ನು ಗ್ಯಾಮಟ್‌ಗಿಂತ ಮೇಲಿನಿಂದಲೇ, ಬಾಗಿದ ಚಿತ್ರದಿಂದಲೇ ಕೊಟ್ಟೆ. ನೆರಳಿನ ಕಡೆಯ ಬಣ್ಣಗಳು ನೇರ ಬೆಳಕಿನಲ್ಲಿ ಸೊನ್ನೆಯ ಹತ್ತಿರ ಒತ್ತೊತ್ತಾಗಿ ಸೇರಿಬಿಡುತ್ತವೆ, ಕೀಯರ್‌ಗೆ ಅಲ್ಲಿ ಕೂದಲು ಯಾವುದು ಬಟ್ಟೆ ಯಾವುದು ಅಂತ ಬಿಡಿಸುವುದು ಕಷ್ಟ. ಕೀಯರ್‌ನಿಂದ ನನಗೆ ಬೇಕಾದದ್ದು ಆಲ್ಫಾ ಒಂದೇ. ಬಣ್ಣ ಇನ್ನೊಂದು ಕೊಂಬೆಯಿಂದ ಬರುತ್ತದೆ. ಎರಡೂ ಕೆಳಗೆ ಮ್ಯಾಟ್ ಕಂಟ್ರೋಲ್ ಅನ್ನುವ ನೋಡ್‌ನಲ್ಲಿ ಕೂಡುತ್ತವೆ.

ಅಳತೆಯ ಒಂದು ಮಾತು. ನಮ್ಮ ಕ್ಯಾಮೆರಾ 3840×2160ರಲ್ಲಿ ತೆಗೆದರೂ ಬರೆಯುವುದು 8 ಬಿಟ್, 4:2:0. ಅಂದರೆ ಬೆಳಕಿನ ಮಾಹಿತಿ ಪ್ರತಿ ಪಿಕ್ಸೆಲ್ಲಿಗೂ ಇರುತ್ತದೆ, ಬಣ್ಣದ ಮಾಹಿತಿ ನಾಲ್ಕು ಪಿಕ್ಸೆಲ್ಲಿಗೆ ಒಂದೇ. ಬಣ್ಣದ ಮಟ್ಟಿಗೆ ಅದು 1920×1080ರ ಚಿತ್ರ. ನಾಟಕದ ಪ್ರೊಜೆಕ್ಟರ್‌ಗೆ ಬೇಕಾಗಿದ್ದೂ ಅಷ್ಟೇ. ಕೀಯರ್‌ಗಿಂತ ಮೊದಲೇ ಅರ್ಧಕ್ಕೆ ಇಳಿಸಿದರೆ ಪ್ರತಿ ಪಿಕ್ಸೆಲ್ಲಿಗೂ ಅದರದೇ ಬಣ್ಣ ಸಿಗುತ್ತದೆ. ಕೂದಲಿನ ಅಂಚಿನ ಮೆಟ್ಟಿಲು ಮೆಟ್ಟಿಲಾದ ಒರಟು ಅರ್ಧ ಅಲ್ಲೇ ಹೋಯಿತು. 4ಕೆ ಅಂತ ಹೆಮ್ಮೆಯಿಂದ ಕೊನೆಯವರೆಗೂ ಹಾಗೇ ಎಳೆದುಕೊಂಡು ಹೋಗುವುದರಲ್ಲಿ ನನಗೆ ಅರ್ಥ ಕಾಣಲಿಲ್ಲ.

ಫ್ಯಾನು ತೆಗೆಯುವುದು

ಕ್ಯಾಮೆರಾ ಟ್ರೈಪಾಡಿನ ಮೇಲಿತ್ತು, ಗುಡ್ಡ ದೂರ. ಹಾಗಾಗಿ ಹತ್ತಿರದ್ದು ದೂರದ್ದು ಬೇರೆ ಬೇರೆ ವೇಗದಲ್ಲಿ ಸರಿಯುವ ತೊಡಕಿಲ್ಲ. ಇಡೀ ಗುಡ್ಡ ಒಂದೇ ಹಲಗೆಯಾಗಿ ಸರಿಯುತ್ತದೆ. ಸಪಾಟು ಮೈಯ ಚಲನೆ ಅಳೆಯುವ ಪ್ಲೇನಾರ್ ಟ್ರ್ಯಾಕರ್‌ಗೆ ಗುಡ್ಡದ ಮೈಯನ್ನು ತೋರಿಸಿದೆ. ಮೋಡ ಮತ್ತು ಫ್ಯಾನುಗಳು ತಮ್ಮಷ್ಟಕ್ಕೆ ಚಲಿಸುತ್ತವಾದ್ದರಿಂದ ಅವನ್ನು ಗುರುತಿನ ಹೊರಗಿಟ್ಟೆ. ಟ್ರ್ಯಾಕ್ ಆದ ಮೇಲೆ ಅದೇ ಲೆಕ್ಕವನ್ನು ತಿರುಗುಮುರುಗು ಹಾಕಿದರೆ ಗುಡ್ಡ ಅಲುಗದೆ ನಿಲ್ಲುತ್ತದೆ, ಚೌಕಟ್ಟು ಅದರ ಸುತ್ತ ಸರಿಯುತ್ತದೆ.

ನಿಂತ ಗುಡ್ಡ ಸಿಕ್ಕಿತೆಂದರೆ ಅರ್ಧ ಕೆಲಸ ಮುಗಿದಂತೆ. ಅಲ್ಲಿಂದ ಪಕ್ಕಪಕ್ಕದ 16 ಫ್ರೇಮುಗಳ ಸರಾಸರಿ ತೆಗೆದು ಒಂದು ನಿಶ್ಚಲ ಚಿತ್ರ ಮಾಡಿದೆ. ನಾಯ್ಸ್ ಅನ್ನುವುದು ಫ್ರೇಮಿಗೊಂದು ರೀತಿ ಬೀಳುವ ಚುಕ್ಕಿ. 16ರ ಸರಾಸರಿಯಲ್ಲಿ ಅದು 16ರ ವರ್ಗಮೂಲದಷ್ಟು, ಅಂದರೆ ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ಕಾಸು ಕೊಟ್ಟು ಕೊಳ್ಳುವ ಡಿನಾಯ್ಸರ್ ಇಲ್ಲದೆಯೇ ಸ್ವಚ್ಛ ಆಕಾಶ, ಸ್ವಚ್ಛ ಗುಡ್ಡದ ಗೆರೆ. ಇದು ನಡೆಯುವುದು ಅಲುಗದ ವಸ್ತುವಿಗೆ ಮಾತ್ರ, ಹುಲ್ಲಿಗೂ ಜೋಳದ ದಂಟಿಗೂ ನಡೆಯದು.

ಆ ನಿಶ್ಚಲ ಚಿತ್ರದ ಮೇಲೆ ಪೇಂಟ್ ನೋಡ್ ಹಾಕಿ, ಪಕ್ಕದ ಆಕಾಶವನ್ನು ಕ್ಲೋನ್ ಮಾಡಿ ಫ್ಯಾನುಗಳ ಮೇಲೆ ಬಳಿದೆ. ಇಲ್ಲಿ ಗಮನ ಬೇಕಾದದ್ದು ಎರಡು ಕಡೆ. ಮೊದಲನೆಯದು ರೆಕ್ಕೆ. ತೇಪೆ ಆ ಫ್ರೇಮಿನಲ್ಲಿ ರೆಕ್ಕೆ ಇರುವ ಜಾಗಕ್ಕೆ ಮಾತ್ರ ಬಿದ್ದರೆ ಮುಂದಿನ ಫ್ರೇಮಿನಲ್ಲಿ ಅದು ಇನ್ನೊಂದು ಕಡೆ ಇಣುಕುತ್ತದೆ. ರೆಕ್ಕೆ ಸುತ್ತುವ ಇಡೀ ವೃತ್ತವನ್ನು ಮುಚ್ಚಬೇಕು. ಎರಡನೆಯದು ಕಂಬದ ಬುಡ, ಗುಡ್ಡದ ನೆತ್ತಿಗೆ ತಾಗುವ ಜಾಗ. ಆಕಾಶ ಬಳಿಯುವಾಗ ಗುಡ್ಡದ ಗೆರೆ ಒಂದೆರಡು ಪಿಕ್ಸೆಲ್ ಮೇಲೆ ಕೆಳಗೆ ಆದರೂ ಕಣ್ಣು ನೇರ ಅಲ್ಲಿಗೇ ಹೋಗುತ್ತದೆ. ಅದಕ್ಕೆ ಗೆರೆಯ ತುಂಡನ್ನೇ ಪಕ್ಕದಿಂದ ತಂದು ಕೂರಿಸಿದೆ, ಕುರುಚಲು ಗಿಡ ಸಮೇತ.

ಬಳಿದಾದ ಮೇಲೆ ಆ ಚಿತ್ರವನ್ನು ಮಾಸ್ಕ್ ಹಾಕಿ ತೇಪೆಗಳಷ್ಟನ್ನೇ ಕತ್ತರಿಸಿ, ಟ್ರ್ಯಾಕಿನ ಚಲನೆ ಮರಳಿ ಹಚ್ಚಿ, ಒಂದು ಚಿತ್ರದ ಮೇಲೆ ಇನ್ನೊಂದನ್ನು ಇಡುವ ಮರ್ಜ್ ನೋಡ್‌ನಲ್ಲಿ ಮೂಲದ ಮೇಲೆ ಕೂರಿಸಿದೆ. ಮೂಲ ಚಿತ್ರ ಮಾತ್ರ ಸ್ಥಿರಗೊಳಿಸುವ ಕೊಂಬೆಗೆ ಹೋಗದೆ ನೆಟ್ಟಗೆ ಕೆಳಗಿಳಿದು ಮರ್ಜಿನ ಹಿನ್ನೆಲೆ ತೂತಿಗೆ ಸೇರುತ್ತದೆ. ಫ್ಯೂಷನ್ನಿನಲ್ಲಿ ಆ ತೂತು ಹಳದಿ, ಮುನ್ನೆಲೆಯದು ಹಸಿರು, ಮಾಸ್ಕಿನದು ನೀಲಿ. ಚಿತ್ರವನ್ನು ಸರಿಸಿ ಮತ್ತೆ ವಾಪಸ್ ಸರಿಸಿದರೆ ಪ್ರತಿ ಸಲವೂ ಪಿಕ್ಸೆಲ್ಲುಗಳನ್ನು ಹೊಸದಾಗಿ ಲೆಕ್ಕ ಹಾಕಬೇಕಾಗುತ್ತದೆ, ಚೂಪು ಹೋಗುತ್ತದೆ. ಆ ನಷ್ಟ ಆಗುವುದಾದರೆ ತೇಪೆಗೆ ಆಗಲಿ. ನೋಡ್ ಮರ ಕಟ್ಟುವವರಿಗೆ ನಾನು ಹೇಳುವ ಮಾತು ಒಂದೇ ಇದ್ದರೆ ಇದೇ: ಮುಟ್ಟಬೇಕಿಲ್ಲದ ಪಿಕ್ಸೆಲ್ಲನ್ನು ಮುಟ್ಟದೆ ಕೊನೆಯವರೆಗೂ ದಾಟಿಸುವ ಒಂದು ನೇರ ತಂತಿ ಇರಬೇಕು, ಮಿಕ್ಕಿದ್ದೆಲ್ಲ ಪಕ್ಕದಿಂದ ಬಂದು ಅದಕ್ಕೆ ಸೇರಬೇಕು.

ಹೊಲದಲ್ಲಿ ಓಡಾಡುವ ನೆರಳು

ಫ್ಯಾನಿಲ್ಲದ ಗುಡ್ಡವನ್ನು ನಿರ್ದೇಶಕರಿಗೆ ಕಳಿಸಿದೆ. ಸಂಜೆ ಫೋನು ಬಂತು.

“ಫ್ಯಾನು ಹೋದುವು ಖರೆ. ಆದ್ರ ಹೊಲದಾಗ ಏನೋ ಹಾದಾಡಾಕತ್ತೈತಲ್ರೀ?”

ನಿಜ. ಚೌಕಟ್ಟಿನ ಎಡಕ್ಕೆ, ಹೊರಗೆ, ಹತ್ತಿರದಲ್ಲೇ ಇನ್ನೊಂದು ಫ್ಯಾನಿತ್ತು. ಇಳಿಬಿಸಿಲಿನಲ್ಲಿ ಅದರ ರೆಕ್ಕೆಗಳ ನೆರಳು ಉದ್ದಕ್ಕೆ ಚಾಚಿ ನಮ್ಮ ಎರೆಹೊಲದ ಮೇಲೆ ಒಂದಾದ ಮೇಲೊಂದು ಸರಿಯುತ್ತಿತ್ತು. ನಿಂತ ಫ್ರೇಮಿನಲ್ಲಿ ಅದು ಮಣ್ಣಿನ ಬಣ್ಣದ ಏರುಪೇರಿನಂತೆ ಕಾಣುತ್ತದೆ, ಓಡಿಸಿದರೆ ಮಾತ್ರ ಗೊತ್ತಾಗುತ್ತದೆ. 1943ರಲ್ಲಿ ಗುಡ್ಡದ ಮೇಲೆ ಫ್ಯಾನಿಲ್ಲ ಅಂದಮೇಲೆ ಹೊಲದಲ್ಲಿ ಅದರ ನೆರಳೂ ಇರುವಂತಿಲ್ಲ.

ಬಳಿದು ಮುಚ್ಚುವಂತಿಲ್ಲ, ಹೊಲದಲ್ಲಿ ದಂಟು ಅಲುಗುತ್ತಿದೆ. ಆದರೆ ಈ ನೆರಳಿಗೆ ಒಂದು ತಾಳ ಇದೆ. ಫ್ಯಾನು ಸುಮಾರು ನಾಲ್ಕು ಸೆಕೆಂಡಿಗೆ ಒಂದು ಸುತ್ತು ಹಾಕುತ್ತಿತ್ತು, ರೆಕ್ಕೆ ಮೂರು. ಸೆಕೆಂಡಿಗೆ 25 ಫ್ರೇಮಿನ ಲೆಕ್ಕದಲ್ಲಿ ಹೊಲದ ಒಂದೇ ಜಾಗದ ಮೇಲೆ 33 ಫ್ರೇಮಿಗೊಮ್ಮೆ ನೆರಳು ಹಾಯುತ್ತದೆ, ಹಾಯಲು ಕೆಲವೇ ಫ್ರೇಮು. ಹಾಗಾದರೆ ಈಗಿನ ಫ್ರೇಮು, 11 ಫ್ರೇಮು ಹಿಂದಿನದು, 11 ಫ್ರೇಮು ಮುಂದಿನದು, ಈ ಮೂರನ್ನು ಗುಡ್ಡ ನಿಲ್ಲಿಸಿದ ಸ್ಥಿತಿಯಲ್ಲಿ ಒಂದರ ಮೇಲೊಂದು ಇಟ್ಟರೆ ಯಾವುದೇ ಪಿಕ್ಸೆಲ್ಲಿನಲ್ಲಿ ಹೆಚ್ಚೆಂದರೆ ಒಂದರಲ್ಲಿ ನೆರಳಿರುತ್ತದೆ, ಎರಡರಲ್ಲಿ ಬಿಸಿಲಿರುತ್ತದೆ. ಮೂರರಲ್ಲಿ ನಡುವಿನ ಬೆಲೆ ಆರಿಸಿಕೊಂಡರೆ ಅದು ಬಿಸಿಲಿನದೇ ಆಗಿರುತ್ತದೆ.

ಅತಿ ಹೊಳೆವುದನ್ನೇ ಆರಿಸಿದರೆ ಇನ್ನೂ ಸುಲಭವಲ್ಲವೇ ಅನ್ನಬಹುದು. ಹೌದು, ಒಂದೇ ಲೈಟನ್ ಮೋಡ್ ಸಾಕು. ಆದರೆ ನಾಯ್ಸಿನ ಹೊಳೆಯುವ ಚುಕ್ಕಿಗಳನ್ನೂ ಅದು ಹೆಕ್ಕಿ ಹೆಕ್ಕಿ ಆರಿಸುತ್ತದೆ, ಹೊಲಕ್ಕೆ ಬೂದಿ ಎರಚಿದಂತಾಗುತ್ತದೆ. ನಡುವಿನ ಬೆಲೆಯೇ ಸರಿ. ಫ್ಯೂಷನ್ನಿನ ಮರ್ಜ್‌ಗೆ ಎರಡರಲ್ಲಿ ಕಡಿಮೆಯದನ್ನು ಆರಿಸುವ ಡಾರ್ಕನ್ ಮತ್ತು ಹೆಚ್ಚಿನದನ್ನು ಆರಿಸುವ ಲೈಟನ್ ಗೊತ್ತು, ನಡುವಿನದು ಗೊತ್ತಿಲ್ಲ. ಇವೆರಡರಿಂದಲೇ ಅದನ್ನು ಕಟ್ಟಬೇಕು. ಮೂರು ಫ್ರೇಮುಗಳನ್ನು ಕ, ಖ, ಗ ಅನ್ನೋಣ. ಮೊದಲ ಮರ್ಜ್ ಕ-ಖಗಳಲ್ಲಿ ಕಡಿಮೆಯದನ್ನು ಕೊಡುತ್ತದೆ. ಎರಡನೆಯದು ಅದೇ ಕ-ಖಗಳಲ್ಲಿ ಹೆಚ್ಚಿನದನ್ನು. ಮೂರನೆಯದು ಆ ಹೆಚ್ಚಿನದನ್ನು ಗ ಜೊತೆ ಹೋಲಿಸಿ ಕಡಿಮೆಯದನ್ನು. ನಾಲ್ಕನೆಯದು ಒಂದನೆಯ ಮತ್ತು ಮೂರನೆಯ ಮರ್ಜಿನ ಫಲಗಳಲ್ಲಿ ಹೆಚ್ಚಿನದನ್ನು. ಹೊರಬರುವುದು ನಡುವಿನ ಬೆಲೆ. ಹಿಂದು-ಮುಂದು ಸರಿಸಲು ಎರಡು ಟೈಮ್ ಸ್ಪೀಡ್ ನೋಡ್, ಒಂದರಲ್ಲಿ ಡಿಲೇ 11, ಇನ್ನೊಂದರಲ್ಲಿ −11. ಒಂದು ಮಣ್ಣಿನ ಪಿಕ್ಸೆಲ್ ಹಿಡಿದು ನೋಡಿದೆ: ಮೂರು ಬೆಲೆ 0.11, 0.06, 0.12. ಮೊದಲ ಮರ್ಜ್ 0.06, ಎರಡನೆಯದು 0.11, ಮೂರನೆಯದು 0.11, ನಾಲ್ಕನೆಯದು 0.11. ನೆರಳಿನ 0.06 ದಾರಿಯಲ್ಲೇ ಬಿದ್ದುಹೋಯಿತು.

ದಂಟಿನ ಅಲುಗಾಟ ಸ್ವಲ್ಪ ತಡವರಿಸುತ್ತದೆ, ಅಷ್ಟು ದೂರಕ್ಕೆ ಕಾಣುವುದಿಲ್ಲ. ಇದನ್ನೂ ನೆರಳು ಓಡಾಡುವ ಪಟ್ಟಿಯಷ್ಟಕ್ಕೇ ಮಾಸ್ಕ್ ಮಾಡಿ ನೇರ ತಂತಿಗೆ ಸೇರಿಸಿದೆ. ಇಡೀ ಕೆಲಸದಲ್ಲಿ ನನಗೆ ಅತಿ ಖುಷಿ ಕೊಟ್ಟ ಭಾಗ ಇದೇ. ಕ ಮತ್ತು ಖದಿಂದ ಎರಡೆರಡು ತಂತಿ ಹೊರಟು ಬೇರೆ ಬೇರೆ ಮರ್ಜಿಗೆ ಹೋಗಿ ಮತ್ತೆ ಕೂಡುವುದು ಕಣ್ಣಿಗೇ ಕಾಣುತ್ತದೆ. ಪದರಗಳ ಪಟ್ಟಿಯಲ್ಲಿ ಇದನ್ನು ಬರೆಯಲು ನನಗೆ ಬಾರದು.

ಹಸಿರು ಬಳೆ

ಬಟ್ಟೆ ಹಸಿರೇ ಯಾಕೆ ಅಂದರೆ ಅಕ್ಕಾವ್ರು ಉಟ್ಟಿದ್ದು ನೀಲಿ ಇಳಕಲ್ ಸೀರೆ, ಕೆಂಪು ಸೆರಗು. ನೀಲಿ ಬಟ್ಟೆ ಕಟ್ಟಿದರೆ ಸೀರೆಯೇ ಮಾಯ. ಅಲ್ಲದೆ ಬೇಯರ್ ಜೋಡಣೆಯ ಸೆನ್ಸರಿನಲ್ಲಿ ಪ್ರತಿ ನಾಲ್ಕು ಕಣಕ್ಕೆ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ, ಹಾಗಾಗಿ ಹಸಿರು ವಾಹಿನಿಯಲ್ಲಿ ನಾಯ್ಸ್ ಕಡಿಮೆ. ಬಟ್ಟೆಯಿಂದ ಅವರನ್ನು ಎಂಟ್ಹತ್ತು ಅಡಿ ಮುಂದೆ ನಿಲ್ಲಿಸಿದೆವು, ಹಸಿರು ಬೆಳಕು ಬೆನ್ನಿಗೆ ತಾಗದಿರಲಿ ಅಂತ. ಸಂಜೆಯ ಬಿಸಿಲು ಡೋಣಿಯಲ್ಲಿ ಬಿದ್ದ ಹಾಗೆ ಎಡಗಡೆಯಿಂದಲೇ ಬೀಳುವಂತೆ ನೋಡಿಕೊಂಡೆವು. ಬಲಗಡೆಯಿಂದ ಬಿದ್ದಿದ್ದರೆ ಚಿತ್ರವನ್ನು ಕನ್ನಡಿಯಂತೆ ತಿರುಗಿಸಿದರಾಯಿತು ಅನ್ನುವವರಿದ್ದಾರೆ. ಸೆರಗು ಹೊದ್ದ ಹೆಗಲು ಬದಲಾಗುತ್ತದೆ, ಮೂಗಿನ ನತ್ತು ಆಚೆ ಕಡೆಗೆ ಹಾರುತ್ತದೆ. ನಮ್ಮ ಕಡೆಯ ಹೆಣ್ಣುಮಕ್ಕಳು ಮೊದಲ ಸೆಕೆಂಡಿಗೇ ಹಿಡಿಯುತ್ತಾರೆ.

ಬಳೆಯ ಮಾತು ಚಿತ್ರೀಕರಣದ ಹೊತ್ತಿಗೇ ಬಂತು. ಕೈತುಂಬ ಹಸಿರು ಗಾಜಿನ ಬಳೆ. ಕೆಂಪು ಹಾಕ್ಕೊಳ್ಳಿ ಅಂದಿದ್ದಕ್ಕೆ ಅವರು ನಕ್ಕರು.

“ಹೆಂಗ್ರೀ? ಆ ಕಾಲದಾಗ ಮುತ್ತೈದಿ ಕೈಯಾಗ ಹಸರ ಬಳಿ ಇಲ್ದ ಇರ್ತಿತ್ತೇನು?”

ವಾದ ಅಲ್ಲಿಗೆ ಮುಗಿಯಿತು. ಕೀಯರ್‌ನಿಂದ ಹಸಿರು ತೆಗೆದಾಗ ಮಣಿಕಟ್ಟಿನ ಮೇಲೆ ಬಳೆಯ ಜಾಗದಲ್ಲಿ ಸೀಳು ಸೀಳು ತೂತು, ಅದರೊಳಗಿಂದ ಕಪ್ಪತಗುಡ್ಡ. ನಾನು ಬಳಸಿದ ಡೆಲ್ಟಾ ಕೀಯರ್‌ಗೆ ಸಾಲಿಡ್ ಮ್ಯಾಟ್ ಅನ್ನುವ ಒಳದಾರಿ ಇದೆ, ಅಲ್ಲಿ ಕೊಟ್ಟ ಆಕಾರದೊಳಗೆ ಏನಿದ್ದರೂ ಗಟ್ಟಿ. ಮಣಿಕಟ್ಟಿನ ಸುತ್ತ ಪಾಲಿಗನ್ ಬಿಡಿಸಿ, ಕೈ ಅಲುಗಿದಂತೆ ಅದನ್ನೂ ಅಲುಗಿಸಿ ಅಲ್ಲಿಗೆ ಜೋಡಿಸಿದೆ. ತೂತು ಮುಚ್ಚಿತು, ಬಳೆ ಮಾತ್ರ ಬೂದು ಬಣ್ಣಕ್ಕೆ ತಿರುಗಿತು.

ಅದಕ್ಕೆ ಕಾರಣ ಡಿಸ್ಪಿಲ್. ಬಟ್ಟೆಯ ಹಸಿರು ಚರ್ಮಕ್ಕೂ ಕೂದಲಿಗೂ ಸ್ವಲ್ಪ ತಾಗಿಯೇ ಇರುತ್ತದೆ. ಅದನ್ನು ತೆಗೆಯುವ ಲೆಕ್ಕ ಸರಳ: ಕೆಂಪು ಮತ್ತು ನೀಲಿಯ ಸರಾಸರಿಗಿಂತ ಹಸಿರು ಹೆಚ್ಚಿದ್ದರೆ ಅದನ್ನು ಆ ಸರಾಸರಿಗೆ ಇಳಿಸು. ಚರ್ಮದ ಪಿಕ್ಸೆಲ್ 0.42, 0.30, 0.24 ಇದ್ದರೆ ಸರಾಸರಿ 0.33, ಹಸಿರು ಅದಕ್ಕಿಂತ ಕಡಿಮೆಯೇ ಇದೆ, ಏನೂ ಆಗುವುದಿಲ್ಲ. ಕೂದಲಂಚಿನ ಪಿಕ್ಸೆಲ್ 0.10, 0.25, 0.08 ಇದ್ದರೆ ಹಸಿರು 0.09ಕ್ಕೆ ಇಳಿಯುತ್ತದೆ. ಈ ಲೆಕ್ಕಕ್ಕೆ ಬಳೆ ಯಾವುದು, ಬಟ್ಟೆಯ ಬಣ್ಣ ಯಾವುದು ಅಂತ ತಿಳಿಯುವುದಿಲ್ಲ. ಆದ್ದರಿಂದ ಡಿಸ್ಪಿಲ್‌ಗೆ ಹೋಗುವ ಮೊದಲಿನ ಡಬ್ಬಿಯಿಂದ ಇನ್ನೊಂದು ತಂತಿ ಎಳೆದು, ಬಳೆಗಳಷ್ಟನ್ನೇ ಮಾಸ್ಕ್ ಮಾಡಿ, ಡಿಸ್ಪಿಲ್ ಆದ ಚಿತ್ರದ ಮೇಲೆ ಕೂರಿಸಿದೆ. ಬಳೆಗೆ ಅದರ ಹಸಿರು ವಾಪಸ್ ಬಂತು, ಗಾಜಿನ ಮೇಲಿನ ಬಿಸಿಲಿನ ಚೂರು ಸಮೇತ. ತಾಸುಗಟ್ಟಲೆ ಹಿಡಿದ ಭಾಗ ಇದು, ಬುದ್ಧಿಯ ಕೆಲಸ ಏನಿಲ್ಲ, ಪಾಲಿಗನ್ನಿನ ಚುಕ್ಕಿ ಎಳೆಯುವುದಷ್ಟೇ.

ಕರಿ ಗೆರೆ

ಸ್ಟುಡಿಯೋದಲ್ಲಿ ನನ್ನ ಜೊತೆ ಕಲಿಯುತ್ತಿರುವ ಹುಡುಗನಿಗೆ ಕೊನೆಯ ಮರ್ಜ್ ಕಟ್ಟಲು ಬಿಟ್ಟಿದ್ದೆ. ಸ್ವಲ್ಪ ಹೊತ್ತಿಗೆ ಕರೆದ.

“ಅಣ್ಣಾ, ತಲಿ ಸುತ್ತ ಕರ್ರನ ಗೆರಿ ಬರಾಕತ್ತೈತಿ ನೋಡ್ರಿ. ಅಂಚಿಗೆ ಬ್ಲರ್ ಹೊಡೀಲೇನು?”

“ಬ್ಯಾಡ. ಮದ್ಲ ಆಲ್ಫಾ ಎಷ್ಟ್ ಕಡೆ ಗುಣಿಸೇವಿ ನೋಡು.”

ಒಂದು ಚಿತ್ರವನ್ನು ಇನ್ನೊಂದರ ಮೇಲೆ ಇಡುವ ಲೆಕ್ಕವನ್ನು 1984ರಲ್ಲಿ ಲ್ಯೂಕಾಸ್‌ಫಿಲ್ಮ್‌ನ ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ ಬರೆದಿಟ್ಟರು, ಇವತ್ತಿಗೂ ಎಲ್ಲ ತಂತ್ರಾಂಶ ನಡೆಯುವುದು ಅದರ ಮೇಲೆ: ಮುನ್ನೆಲೆ + ಹಿನ್ನೆಲೆ × (1 − ಆಲ್ಫಾ). ಇಲ್ಲಿ ಮುನ್ನೆಲೆಯ ಬಣ್ಣ ಮೊದಲೇ ಆಲ್ಫಾದಿಂದ ಗುಣಿಸಿ ಬಂದಿರಬೇಕು, ಒಂದೇ ಸಲ. ಒಂದಷ್ಟು ಕೂದಲು, ಉಳಿದದ್ದು ಆಕಾಶ ಇರುವ ಪಿಕ್ಸೆಲ್ ನೋಡಿ. ಆಲ್ಫಾ 0.4, ಗುಣಿಸಿದ ಬಣ್ಣ 0.08, ಹಿಂದಿನ ಆಕಾಶ 0.5. ಫಲ 0.08 + 0.5 × 0.6 = 0.38. ಎರಡು ಸಲ ಗುಣಿಸಿದರೆ 0.08 ಹೋಗಿ 0.032 ಆಗುತ್ತದೆ, ಫಲ 0.332. ಆಲ್ಫಾ 1 ಇರುವ ಮುಖಕ್ಕೆ, 0 ಇರುವ ಆಕಾಶಕ್ಕೆ ಏನೂ ಆಗುವುದಿಲ್ಲ, ಮಧ್ಯದ ಅಂಚು ಮಾತ್ರ ಕಪ್ಪಾಗುತ್ತದೆ. ಆ ಗೆರೆ ಅದೇ.

ಹುಡುಕುವುದು ಹೇಗೆ ಅನ್ನುವುದು ಗೆರೆಗಿಂತ ಮುಖ್ಯ. ಕೊನೆಯ ನೋಡ್ ಆಯ್ದು ಕೀಬೋರ್ಡಿನ 1 ಒತ್ತಿದರೆ ಎಡ ಪರದೆಯಲ್ಲಿ ಅದರ ಚಿತ್ರ. ಅಲ್ಲಿಂದ ತಂತಿ ಹಿಡಿದು ಒಂದೊಂದೇ ಡಬ್ಬಿ ಮೇಲಕ್ಕೆ ಹತ್ತುತ್ತ ಹೋಗು, ಗೆರೆ ಇಲ್ಲದ ಡಬ್ಬಿ ಸಿಗುವವರೆಗೆ. ಅದಕ್ಕೂ ಅದರ ಕೆಳಗಿನದಕ್ಕೂ ನಡುವೆ ದೋಷ ಇದೆ. ಹುಡುಗ ಹತ್ತಿದ, ಸಿಕ್ಕಿತು: ಮ್ಯಾಟ್ ಕಂಟ್ರೋಲ್‌ನಲ್ಲಿ ಆಲ್ಫಾದಿಂದ ಗುಣಿಸುವ ಪೋಸ್ಟ್ ಮಲ್ಟಿಪ್ಲೈಗೆ ಟಿಕ್ ಇತ್ತು, ಅದರ ಕೆಳಗೆ ಮತ್ತೊಂದು ಆಲ್ಫಾ ಮಲ್ಟಿಪ್ಲೈ ನೋಡ್ ಕೂತಿತ್ತು. ಒಂದನ್ನು ತೆಗೆದ. ಅಂಚಿಗೆ ಬ್ಲರ್ ಹೊಡೆದಿದ್ದರೆ ಗೆರೆ ಹೋಗುತ್ತಿರಲಿಲ್ಲ, ದಪ್ಪವಾಗುತ್ತಿತ್ತು.

ಗೆರೆ ಹೋದ ಮೇಲೂ ಕೂದಲಂಚು ಚೂರು ಮಂಕಾಗಿ ಉಳಿಯಿತು. ಅದು ಡಿಸ್ಪಿಲ್‌ನ ಬಾಕಿ. ಬೆಳಕಿನ ಲೆಕ್ಕದಲ್ಲಿ ಹಸಿರಿನ ತೂಕ 0.7152, ಮೂರರಲ್ಲಿ ಅತಿ ಹೆಚ್ಚು. ಹಸಿರು 0.16 ಇಳಿಸಿದರೆ ಹೊಳಪು 0.11ರಷ್ಟು ಹೋಗುತ್ತದೆ. ಕಳೆದದ್ದು ಎಷ್ಟು ಅಂತ ಮೂಲದಿಂದ ಡಿಸ್ಪಿಲ್ ಚಿತ್ರವನ್ನು ಕಳೆದು ತಿಳಿದುಕೊಂಡು, ಅಷ್ಟೇ ಹೊಳಪನ್ನು ಹಿಂದಿನ ಗುಡ್ಡದ ಮಸುಕು ಬಣ್ಣದಲ್ಲಿ ಅಂಚಿಗೆ ಕೂಡಿಸಿದೆ. ಗುಡ್ಡದ ಚಿತ್ರ ಬೇಕಾಗುವ ನಾಲ್ಕನೆಯ ಜಾಗ ಅಂದದ್ದು ಇದೇ.

ಬಣ್ಣ ಹೊಂದಿಸುವಾಗಲೂ ಆಲ್ಫಾ ಕಾಡುತ್ತದೆ. ಡೋಣಿಯ ಸಂಜೆಗೆ ಹೋಲಿಸಿದರೆ ಮಾಳಿಗೆಯ ಚಿತ್ರದ ಕಪ್ಪು ತುಂಬ ಕಪ್ಪಾಗಿತ್ತು, ಅದನ್ನು 0.02 ಎತ್ತಬೇಕಿತ್ತು. ಗುಣಿಸಿದ ಚಿತ್ರಕ್ಕೆ ನೇರ 0.02 ಕೂಡಿಸಿದರೆ ಆಲ್ಫಾ ಸೊನ್ನೆ ಇರುವ ಖಾಲಿ ಜಾಗಕ್ಕೂ ಅದು ಸೇರಿ, ಮರ್ಜ್ ಆದಾಗ ಇಡೀ ಗುಡ್ಡಕ್ಕೆ ಮಂಜು ಕವಿಯುತ್ತದೆ. ಕಲರ್ ಕರೆಕ್ಟರ್‌ನಲ್ಲಿ ಪ್ರೀ-ಡಿವೈಡ್, ಪೋಸ್ಟ್-ಮಲ್ಟಿಪ್ಲೈ ಅನ್ನುವ ಒಂದು ಟಿಕ್ ಇದೆ. ಮೊದಲು ಆಲ್ಫಾದಿಂದ ಭಾಗಿಸಿ, ಬಣ್ಣ ತಿದ್ದಿ, ಮತ್ತೆ ಗುಣಿಸುತ್ತದೆ. ಅದನ್ನು ಹಾಕಿದರೆ ಮುಗಿಯಿತು.

ಉಳಿದ ಜೋಡಣೆ

ಹೆಂಗಸು ಹತ್ತಿರ ಇದ್ದಾಳೆ, ಗುಡ್ಡ ದೂರ. ಹಾಗಾಗಿ ಗುಡ್ಡಕ್ಕೆ ತುಸು ಡಿಫೋಕಸ್, ಅದು ಮರ್ಜ್‌ಗಿಂತ ಮೊದಲು. ಗ್ರೇನ್, ಅಂದರೆ ಚಿತ್ರದ ಮೇಲಿನ ಸಣ್ಣ ಸಣ್ಣ ಚುಕ್ಕಿಗಳ ಒರಟು, ಮಾತ್ರ ಎಲ್ಲಕ್ಕಿಂತ ಕೊನೆಗೆ. ಗ್ರೇನ್ ಹಾಕಿ ಆಮೇಲೆ ಡಿಫೋಕಸ್ ಮಾಡಿದರೆ ಗ್ರೇನೂ ಮಸುಕಾಗುತ್ತದೆ, ಮಸೂರ ಎಂದೂ ಹಾಗೆ ಮಾಡುವುದಿಲ್ಲ, ಯಾಕೆಂದರೆ ಗ್ರೇನ್ ಹುಟ್ಟುವುದು ಮಸೂರದ ಹಿಂದೆ, ಸೆನ್ಸರಿನಲ್ಲಿ. ಕೆಲಸಗಳ ಕ್ರಮ ನಿಜವಾದ ಕ್ಯಾಮೆರಾದಲ್ಲಿ ಬೆಳಕು ಬರುವ ಕ್ರಮವೇ: ಮೊದಲು ಬಯಲಿನಲ್ಲಿ ವಸ್ತುಗಳು, ಆಮೇಲೆ ಗಾಳಿಯ ಧೂಳು, ಆಮೇಲೆ ಮಸೂರ, ಕೊನೆಗೆ ಸೆನ್ಸರ್. ನೀಲಿ ವಾಹಿನಿಗೆ ಗ್ರೇನ್ ಸ್ವಲ್ಪ ಹೆಚ್ಚು ಕೊಟ್ಟೆ, ಮೂಲದಲ್ಲೂ ಹಾಗೇ ಇತ್ತು. ನಿಶ್ಚಲ ಚಿತ್ರದಿಂದ ಬಂದ ಆಕಾಶದ ತೇಪೆಗಳು ಗ್ರೇನ್ ಇಲ್ಲದೆ ಎಣ್ಣೆ ಕಲೆಯಂತೆ ಎದ್ದು ಕಾಣುತ್ತಿದ್ದವು, ಇಲ್ಲಿ ಕರಗಿದವು.

ಧೂಳನ್ನು ಹುಡುಗ ಕೂಡಿಸುವ ಮೋಡಿನಲ್ಲಿ ಹಾಕಿದ್ದ. ಕರಿ ಬಟ್ಟೆಯ ಮುಂದೆ ತೆಗೆದದ್ದನ್ನು ಕೂಡಿಸುವುದು ರೂಢಿ, ಕಿಡಿಗೆ, ಬೆಂಕಿಗೆ ಅದು ಸರಿ, ಅವು ತಾವೇ ಬೆಳಕು. ಧೂಳು ಹಿಂದಿನದನ್ನು ಮುಚ್ಚುತ್ತದೆ ಕೂಡ. ಅದರ ಹೊಳಪನ್ನೇ ಆಲ್ಫಾ ಮಾಡಿ ಸಾದಾ ಮರ್ಜ್ ಹಾಕಿದಾಗ ಮಣ್ಣು ಮಣ್ಣಿನಂತೆ ಕಂಡಿತು. ಕಪ್ಪು ಕೂತಿದೆಯೇ ಅಂತ ನೋಡಲು ಪರದೆಯ ಗಾಮಾ ಏರಿಸಿ, ಇಳಿಸಿ ನೋಡಿದೆ. ಸಾಮಾನ್ಯ ನೋಟಕ್ಕೆ ಒಪ್ಪುವ ಸೆರಗಿನ ನೆರಳು ಗಾಮಾ ಏರಿಸಿದಾಗ ಗುಡ್ಡದ ನೆರಳಿಗಿಂತ ನೀಲಿಯಾಗಿ ಹೊರಬಿತ್ತು, ತಿದ್ದಿದೆ. ನಾಟಕದ ಪ್ರೊಜೆಕ್ಟರ್ ಕಪ್ಪನ್ನು ಎಂದೂ ಕಪ್ಪಾಗಿ ತೋರಿಸುವುದಿಲ್ಲ, ಅಲ್ಲಿ ಇಂಥದ್ದೇ ಮೊದಲು ಕಾಣುವುದು.

ಮೂಲ ಪ್ರತಿಯನ್ನು ಓಪನ್‌ಇಎಕ್ಸ್‌ಆರ್ ಫ್ರೇಮುಗಳಾಗಿ, 16 ಬಿಟ್ ಹಾಫ್ ಫ್ಲೋಟ್‌ನಲ್ಲಿ ಬರೆದಿಟ್ಟೆ, 350 ಫ್ರೇಮು. ಇಂಡಸ್ಟ್ರಿಯಲ್ ಲೈಟ್ ಆ್ಯಂಡ್ ಮ್ಯಾಜಿಕ್ 2003ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟ ಈ ನಮೂನೆಯಲ್ಲಿ ನೇರ ಬೆಳಕಿನ ಸಂಖ್ಯೆಗಳು 1ಕ್ಕಿಂತ ಮೇಲೆ ಹೋದರೂ ಕತ್ತರಿಸಿಹೋಗುವುದಿಲ್ಲ. ತಂಡಕ್ಕೆ ಕೊಟ್ಟಿದ್ದು ಸಾದಾ ಎಚ್.264 ಕಡತ, ಪೆನ್‌ಡ್ರೈವಿನಲ್ಲಿ.

ಈಗ ಎರಡನೆಯ ಶಾಟ್ ಬಂದಿದೆ. ಅದೇ ಗುಡ್ಡ, ಕ್ಯಾಮೆರಾ ಬಲದಿಂದ ಎಡಕ್ಕೆ. ಮರದ ಪ್ರತಿ ಮಾಡಿ ಒಳಗೆ ಬರುವ ತುಣುಕು ಬದಲಿಸಿದೆ, ಟ್ರ್ಯಾಕರ್ ಮತ್ತೆ ಓಡಿಸಿದೆ. ಆಕಾಶದ ತೇಪೆಗಳನ್ನು ಹಳೆಯ ನಿಶ್ಚಲ ಚಿತ್ರದಿಂದಲೇ ತಂದೆ. ನಡುವಿನ ಬೆಲೆಯ ನಾಲ್ಕು ಮರ್ಜ್ ಹಾಗೇ ಉಳಿದವು, ಗಾಳಿ ಆವತ್ತು ಮೆಲ್ಲಗಿದ್ದಿದ್ದರಿಂದ 11ರ ಜಾಗದಲ್ಲಿ 14 ಬರೆದೆ. ಹೆಂಗಸಿನ ಭಾಗ ಇನ್ನೂ ತೆಗೆದಿಲ್ಲ. ಬಳೆ ಬದಲಾಗುವುದಿಲ್ಲ ಅನ್ನುವುದು ಇತ್ಯರ್ಥವಾಗಿದೆ, ಅದಕ್ಕೆ ಈ ಸಲ ಸೀರೆ ಕೆಂಪು, ಬಟ್ಟೆ ನೀಲಿ. ನೀಲಿ ವಾಹಿನಿಯಲ್ಲಿ ನಾಯ್ಸ್ ಹೆಚ್ಚು, ಬಟ್ಟೆಗೆ ಬೆಳಕು ಜಾಸ್ತಿ ಬೇಕಾಗುತ್ತದೆ. ಎರಡು ಲೈಟು ಬಾಡಿಗೆಗೆ ಹೇಳಿಟ್ಟಿದ್ದೇನೆ.